ಆಯಿಯ ಹೆಸರಿಗೆ ಬಂದ ಹಸಿರು ಸೀರೆ

ಒಬ್ಬರೇ ಇರುವಷ್ಟು ಹೊತ್ತು ನಾವೆಲ್ಲ ಸರಿಯಾಗಿಯೇ ಇರುತ್ತೇವೆ. ಕೋಣೆಯಲ್ಲಿ ಒಬ್ಬಳೇ ಕೂತಾಗ ನನಗೆ ಸಿಟ್ಟು ಬರುವುದಿಲ್ಲ, ಮಾತು ತಡವರಿಸುವುದಿಲ್ಲ, ಹಾಡಿದರೆ ಶ್ರುತಿಯೂ ಹೆಚ್ಚುಕಡಿಮೆ ನಿಲ್ಲುತ್ತದೆ. ಎರಡನೆಯವರು ಬಂದು ಬಾಗಿಲು ತಟ್ಟಿದ ಮೇಲೆಯೇ ನನ್ನ ಐಬುಗಳೆಲ್ಲ ಒಂದೊಂದಾಗಿ ಎದ್ದು ಕೂಡುತ್ತವೆ. ಮನುಷ್ಯರ ಮಾತು ಬಿಡಿ, ನಾನು ಬರೆದ ಕಂಪ್ಯೂಟರ್ ಪ್ರೋಗ್ರಾಮೂ ಥೇಟ್ ನನ್ನ ಹಾಗೆಯೇ ಇತ್ತು. ನಾನೊಬ್ಬಳೇ ಪರೀಕ್ಷಿಸುವಾಗ ಬಂಗಾರ. ಇಬ್ಬರು ಒಟ್ಟಿಗೆ ಮುಟ್ಟಿದ ದಿನ ಅದು ಮಾಡಿದ ಅನಾಹುತದ ಕಥೆಯನ್ನು ಇಷ್ಟು ವರ್ಷ ಯಾರ ಮುಂದೆಯೂ ಹೇಳಿಲ್ಲ. ಹೇಳುವಂಥ ಸ್ವಭಾವವೂ ನನ್ನದಲ್ಲ. ಮನೆಗೆ ಬಂದ ಮದುವೆಯ ಕರೆಯೋಲೆಯಲ್ಲಿ ವಾರ ಮತ್ತು ತಾರೀಖು ತಾಳೆಯಾಗುತ್ತವೆಯೋ ಇಲ್ಲವೋ ಎಂದು ಮೊದಲು ನೋಡುವವಳು ನಾನು. ಇಂಥವರಿಗೆ ಗೆಳತಿಯರು ಕಡಿಮೆ, ಕೆಲಸ ಹೆಚ್ಚು.

ಧಾರವಾಡದಲ್ಲಿ ಓದು ಮುಗಿಸಿ ಬಂದವಳು ಬಾಗಲಕೋಟೆಯ ನವನಗರದಲ್ಲಿ ಔಷಧಿ ಅಂಗಡಿಯೊಂದರ ಮೇಲಿನ ಮಾಳಿಗೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಎರಡು ಸಾವಿರದ ಇಸವಿ ದಾಟಿ ಮೂರೋ ನಾಲ್ಕೋ ವರ್ಷವಾಗಿತ್ತು. ಮೂರು ಕಂಪ್ಯೂಟರು, ಒಂದು ಫ್ಯಾನು, ಕೆಳಗಿನಿಂದ ಸದಾ ಏರಿ ಬರುವ ಟಿಂಚರಿನ ವಾಸನೆ. ಹೊಸ ಊರಾದ್ದರಿಂದ ರಸ್ತೆಗಳು ನೆಟ್ಟಗಿದ್ದವು, ಸೆಕ್ಟರಿಗೊಂದು ನಂಬರಿತ್ತು. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಹಳೇ ಊರನ್ನು ನೆನೆದು ನಿಟ್ಟುಸಿರು ಬಿಡುವ ಅಪ್ಪನ ಎದುರು ನಾನು ಹೇಳುತ್ತಿರಲಿಲ್ಲ, ಆದರೆ ನಂಬರು ಹಾಕಿದ ಊರು ನನಗೆ ಒಳಗೊಳಗೇ ಇಷ್ಟವಾಗಿತ್ತು. ನಮ್ಮ ಮಾಲೀಕರು ಪ್ರಭಣ್ಣ. ಮಾತಿನಲ್ಲಿ ಅಪಾರ ಉತ್ಸಾಹಿ, ಕಂಪ್ಯೂಟರಿನ ವಿಷಯದಲ್ಲಿ ಪೂರ್ಣ ನಿರ್ಲಿಪ್ತ. ಅವರು ಇಳಕಲ್ಲಿನ ಸೀರೆ ವ್ಯಾಪಾರಿ ಈರಣ್ಣನವರನ್ನು ಅದು ಹೇಗೋ ಒಪ್ಪಿಸಿ ಬಂದರು. ಈರಣ್ಣನವರಿಗೆ ಇಳಕಲ್ಲಿನಲ್ಲಿ ಒಂದು ಅಂಗಡಿ, ಬನಶಂಕರಿಗೆ ಬರುವ ಜನರಿಗಾಗಿ ಬಾದಾಮಿಯಲ್ಲಿ ಇನ್ನೊಂದು. ಎರಡೂ ಕಡೆ ಗಿರಾಕಿಗಳು ಬೇಕಾದ ಬಣ್ಣ, ಬೇಕಾದ ದಡಿ, ಅಂದರೆ ಅಂಚು, ಹೇಳಿ ಸೀರೆ ನೇಯಿಸುತ್ತಾರೆ. ಹೇಳಿದ್ದನ್ನೆಲ್ಲ ಇಂಟರ್‌ನೆಟ್ಟಿನಲ್ಲಿ ಬರೆದರೆ ಇಳಕಲ್ಲಿನಲ್ಲಿ ಚೀಟಿ ಅಚ್ಚಾಗಿ ಹೊರಬರಬೇಕು, ಚೀಟಿ ನೇಕಾರರ ಕೈಗೆ ಹೋಗಬೇಕು. ಇದಿಷ್ಟು ಕೆಲಸ. ಬರೆಯುವವಳು ನಾನು.

ಇಲ್ಲಿ ಸ್ವಲ್ಪ ನನ್ನ ಕಸುಬಿನ ಮಾತು ಆಡಲೇಬೇಕು, ಬೇಸರಿಸಬೇಡಿ. ಸಾಲೆಯಲ್ಲಿ ಪ್ರತಿ ಮಗುವಿನ ಕೈಯಲ್ಲೂ ಒಂದು ಪಾಟಿ ಇರುತ್ತದೆ, ಅಂದರೆ ಸ್ಲೇಟು. ಅವರವರು ಬರೆದದ್ದು ಅವರವರಿಗೆ. ಗೋಡೆಯ ಮೇಲೆ ಮಾತ್ರ ಒಂದೇ ಒಂದು ಕರಿ ಹಲಗೆ. ಅದು ಎಲ್ಲರದು, ಆದ್ದರಿಂದ ಯಾರದೂ ಅಲ್ಲ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಒರೆಸಿ ಬರೆಯಬಹುದು. ಯಾರೂ ಒರೆಸದಿದ್ದರೆ ಸಾಲೆಗೆ ಬೀಗ ಬೀಳುವವರೆಗೂ ಅದು ಹಾಗೆಯೇ ಇರುತ್ತದೆ, ಬರೆದವರು ಮನೆಗೆ ಹೋಗಿ ಉಂಡು ಮಲಗಿದ್ದರೂ. ಪ್ರೋಗ್ರಾಮಿನಲ್ಲಿ ಈ ಕರಿ ಹಲಗೆಗೆ ಸ್ಟ್ಯಾಟಿಕ್ ವೇರಿಯೇಬಲ್ ಎನ್ನುತ್ತಾರೆ. ಗಿರಾಕಿ ಹೇಳಿದ ಬಣ್ಣ, ದಡಿ, ಯಾವ ಕಾರ್ಯಕ್ಕೆ ಸೀರೆ ಎಂಬ ವಿವರಗಳನ್ನು ಕೊನೆಯ ಗುಂಡಿ ಒತ್ತುವವರೆಗೆ ಎಲ್ಲಾದರೂ ಬರೆದಿಡಬೇಕಿತ್ತು. ಪಾಟಿಯ ಮೇಲೆ ಬರೆಯಬೇಕಾದ್ದನ್ನು ನಾನು ಹಲಗೆಯ ಮೇಲೆ ಬರೆದೆ, ಹೆಸರೊಂದನ್ನು ಮಾತ್ರ ಅವರವರ ಪಾಟಿಗೆ ಬಿಟ್ಟಿದ್ದೆ. ಕಾರಣ ಇಷ್ಟೇ: ನವನಗರದ ಮಾಳಿಗೆಯ ಮೇಲೆ ಪರೀಕ್ಷಿಸುವಾಗ ಇಡೀ ಸಾಲೆಯಲ್ಲಿ ಇದ್ದವಳು ನಾನೊಬ್ಬಳೇ. ಒಬ್ಬಳೇ ವಿದ್ಯಾರ್ಥಿನಿ ಇರುವ ಸಾಲೆಯಲ್ಲಿ ಪಾಟಿ ಯಾವುದು, ಹಲಗೆ ಯಾವುದು. ಮೇಲಾಗಿ ದಿನಕ್ಕೆ ಎರಡು ಬಾರಿ ಕರೆಂಟು ಹೋಗಿ ನನ್ನ ಹಲಗೆಯನ್ನು ತಾನೇ ಒರೆಸಿಡುತ್ತಿತ್ತು. ನನ್ನ ತಪ್ಪನ್ನು ಇಷ್ಟು ನಿಷ್ಠೆಯಿಂದ ಮುಚ್ಚಿಟ್ಟವರು ಬೇರೆ ಯಾರೂ ಇಲ್ಲ.

ನಿಜವಾದ ಕೆಲಸ ನಡೆಯುವ ಯಂತ್ರ ಬೆಂಗಳೂರಿನಲ್ಲಿ ಬಾಡಿಗೆಗೆ ಹಿಡಿದದ್ದು. ಅಲ್ಲಿ ಕರೆಂಟು ಹೋಗುವ ಪದ್ಧತಿ ಇರಲಿಲ್ಲ. ಶುರುವಾದ ಮೊದಲ ವಾರವೇ ಈರಣ್ಣನವರು ಫೋನ್ ಮಾಡಿ, ‘ಏನ್ರಿ ಮೇಡಮ್ಮಾರ, ಬಾದಾಮಿಯಾಗ ಈಗಷ್ಟ ಬರದದ್ದು ನನ್ನ ಮುಂದ ಇಲ್ಲೇ ಇಳಕಲ್‌ನ್ಯಾಗ ತಾನ ಮೂಡತೈತಿ. ಭಾಳ ಚಲೋ ಮಾಡೀರಿ’ ಎಂದರು. ಹಾಗೆ ಮೂಡಬಾರದಿತ್ತು ಎಂದು ನನಗೆ ಗೊತ್ತಿತ್ತು. ಆದರೆ ಪಕ್ಕದಲ್ಲಿ ನಿಂತು ಕೇಳುತ್ತಿದ್ದ ಪ್ರಭಣ್ಣ ಫೋನು ಕಸಿದುಕೊಂಡು, ‘ಹೌದ್ರಿ ಸಾಹುಕಾರ್ರ, ಅದನ್ನ ಸ್ಪೆಷಲ್ಲಾಗಿ ಹಾಕೇವಿ’ ಎಂದುಬಿಟ್ಟರು. ಹೀಗೆ ನನ್ನ ತಪ್ಪು ಒಂದು ಸೌಲಭ್ಯವಾಗಿ ಬಡ್ತಿ ಪಡೆಯಿತು. ನಾನು ಅಳುಕಿ, ಒಂದು ಉಪಾಯ ಮಾಡಿದೆ. ಒಂದು ಆರ್ಡರು ಮುಗಿದ ಕೂಡಲೇ ಹಲಗೆಯನ್ನು ಪೂರ್ತಿ ಒರೆಸಿಬಿಡುವ ಸಾಲೊಂದನ್ನು ಸೇರಿಸಿದೆ. ಉಂಡ ಮೇಲೆ ತಟ್ಟೆ ತೊಳೆದಿಟ್ಟಷ್ಟು ಸಮಾಧಾನವಾಯಿತು. ಇನ್ನೊಬ್ಬರು ಇನ್ನೂ ಉಣ್ಣುತ್ತಿರಬಹುದು ಎಂಬುದು ಮಾತ್ರ ತಲೆಗೆ ಹೊಳೆಯಲಿಲ್ಲ.

ಈಗ ನಮ್ಮ ಆಯಿಯ ವಿಷಯ. ಆಯಿ ಎಂದರೆ ಅಪ್ಪನ ತಾಯಿ, ಶಂಕ್ರವ್ವ. ಇಳಕಲ್ಲಿನಲ್ಲಿ ಕಾಕಾ ಮತ್ತು ಚಿಗವ್ವನ, ಅಂದರೆ ಚಿಕ್ಕಪ್ಪ ಚಿಕ್ಕಮ್ಮನ, ಜೊತೆ ಇದ್ದಳು. ನಮ್ಮದು ನೇಕಾರರ ಮನೆ, ಆದರೆ ಕಾಕಾ ಗ್ರಾನೈಟ್ ಪಾಲಿಶ್ ಮಾಡುವ ಕಡೆ ಕೆಲಸಕ್ಕೆ ಸೇರಿದ ಮೇಲೆ ಮಗ್ಗ ಎತ್ತಿ, ಅದರ ಕುಣಿಯನ್ನು ಮಣ್ಣು ತುಂಬಿ ಮುಚ್ಚಿ, ಮೇಲೆ ಕೆಂಪು ಗ್ರಾನೈಟು ಹಾಸಿದ್ದರು. ಆಯಿ ಮಧ್ಯಾಹ್ನವೆಲ್ಲ ಕೂಡುತ್ತಿದ್ದದ್ದು ಅದೇ ಕಲ್ಲಿನ ಮೇಲೆ, ತಂಪು ಎಂದು. ಐವತ್ತು ವರ್ಷ ಆ ಕುಣಿಯ ಪಕ್ಕದಲ್ಲಿ ಕೂತು ಊರವರ ಸೀರೆಗೆ ಲಾಳಿಯೊಳಗಿನ ನೂಲಿನ ಕಂಡಿಕೆ ಸುತ್ತಿದವಳು. ನಮ್ಮ ಓಣಿಯಲ್ಲಿ ಒಂದು ರೂಢಿ ಇದೆ. ಎಪ್ಪತ್ತು ದಾಟಿದ ಹೆಂಗಸರು ತಾವು ಹೋಗುವಾಗ ಉಡಿಸಬೇಕಾದ ಸೀರೆಯನ್ನು ಮೊದಲೇ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರುತ್ತಾರೆ. ತವರಿನವರು ತಂದರೆ ಹೆಚ್ಚು ಚೆಂದ. ಆಯಿಯ ತವರು ಹುನಗುಂದ, ಅಲ್ಲಿ ಈಗ ಯಾರೂ ಉಳಿದಿಲ್ಲ. ಹಾಗಾಗಿ ತಾನೇ ಹೋಗಿ ಹೇಳಿ ಬರುತ್ತೇನೆಂದು ಒಂದು ಬೆಳಿಗ್ಗೆ ಈರಣ್ಣನವರ ಅಂಗಡಿಗೆ ಹೊರಟಳು. ಮೊಮ್ಮಗಳು ಮಾಡಿದ ಕಂಪ್ಯೂಟರಿನಲ್ಲಿ ತನ್ನ ಹೆಸರು ಬರೆಸುವ ಉಮೇದೂ ಇತ್ತೆಂದು ಚಿಗವ್ವ ಆಮೇಲೆ ಹೇಳಿದಳು.

ಆಯಿ ಹೇಳಿದ ಬಣ್ಣ ಇಟ್ಟಂಗಿ, ಅಂದರೆ ಇಟ್ಟಿಗೆಯದು. ಗಂಡ ಸತ್ತಾಗ ಆಕೆಗೆ ಇಪ್ಪತ್ತೆರಡು, ಕಾಕಾ ಇನ್ನೂ ಮೊಲೆ ಕುಡಿಯುತ್ತಿದ್ದ. ಅಂದಿನಿಂದ ಆಕೆ ಉಟ್ಟದ್ದೆಲ್ಲ ಇಟ್ಟಂಗಿ, ಬೂದಿ, ಕಾಫಿ ಪುಡಿ, ಇಂಥ ಬಣ್ಣಗಳೇ. ಹಸಿರು ನಮ್ಮಲ್ಲಿ ಮುತ್ತೈದೆಯರಿಗೆ, ಅದರಲ್ಲೂ ಬಸುರಿಯ ಕುಬಸಕ್ಕೆ. ಏಳು ತಿಂಗಳಾದಾಗ ತವರಿನವರು ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುವ ಕಾರ್ಯ ಅದು. ಇರಲಿ. ಈರಣ್ಣನವರು ಆಯಿಯ ಹೆಸರು ಬರೆದುಕೊಂಡರು, ಇಟ್ಟಂಗಿ ಬಣ್ಣ ಎಂದು ಬರೆದರು, ಕೊನೆಯ ಗುಂಡಿ ಒತ್ತುವ ಮೊದಲು ಅವರ ತಾಯಿಯ ಮೊಣಕಾಲು ನೋವಿನ ವಿಷಯಕ್ಕೆ ಮಾತು ತಿರುಗಿತು. ಆಯಿ ಎಕ್ಕೆಯ ಎಲೆ ಬಿಸಿ ಮಾಡಿ ಕಟ್ಟುವ ಬಗೆಯನ್ನು ವಿವರಿಸಿದಳು. ಆ ಹೊತ್ತಿನಲ್ಲಿಯೇ ಬಾದಾಮಿಯ ಅಂಗಡಿಯಲ್ಲಿ ಚೊಳಚಗುಡ್ಡದ ಗೌರವ್ವ ಎಂಬುವರು ಮಗಳ ಕುಬಸಕ್ಕೆಂದು ಹಸಿರು ಸೀರೆ, ಗೋಮಿ ಎಂಬ ನಮೂನೆಯ ದಡಿ ಬರೆಸಿದರು. ಅದು ಹಲಗೆಯ ಮೇಲಿದ್ದ ಇಟ್ಟಂಗಿಯನ್ನು ಒರೆಸಿ ಕೂತಿತು. ಇಳಕಲ್ಲಿನಲ್ಲಿ ಎಕ್ಕೆಯ ಎಲೆ ಮುಗಿದು ಈರಣ್ಣನವರು ಪರದೆಯ ಕಡೆ ನೋಡದೆ ಗುಂಡಿ ಒತ್ತಿದರು. ಹಲಗೆಯ ಮೇಲಿದ್ದದ್ದು ಆಯಿಯ ಹೆಸರಿಗೆ ದಾಖಲಾಯಿತು. ನಾನು ಸೇರಿಸಿದ್ದ ಆ ಸ್ವಚ್ಛತೆಯ ಸಾಲು ಓಡಿಬಂದು ಹಲಗೆಯನ್ನು ಒರೆಸಿತು. ಆಮೇಲೆ ಬಾದಾಮಿಯಲ್ಲಿ ಗುಂಡಿ ಒತ್ತಿದರೆ ಗೌರವ್ವನ ಹೆಸರಿನ ಮುಂದೆ ಬರೀ ಖಾಲಿ. ಖಾಲಿ ಚೀಟಿ ನೋಡಿದ ಈರಣ್ಣನವರು, ಮನಸ್ಸು ಬದಲಾಗಿ ಬಿಟ್ಟುಹೋಗಿರಬೇಕು ಎಂದು ಅದನ್ನು ಮೊಳೆಗೆ ಚುಚ್ಚಿದರು. ಎರಡು ಸೀರೆಯ ಜಾಗದಲ್ಲಿ ಒಂದೇ ಸೀರೆ ನೇಯಲ್ಪಟ್ಟಿತು.

ಅದು ಹೊರಬಂದದ್ದು ಒಂದು ಬುಧವಾರ. ಚೀಟಿಯಲ್ಲಿ ‘ಶಂಕ್ರವ್ವ, ಹಸಿರು, ಗೋಮಿ ದಡಿ, ಕುಬಸಕ್ಕೆ’ ಎಂದಿತ್ತು. ನೇಕಾರರು ಚೀಟಿಯನ್ನು ಪ್ರಶ್ನಿಸುವುದಿಲ್ಲ. ಆದರೆ ಸೀರೆ ಮನೆಗೆ ತಲುಪಿಸಿದ ಆಳು ಪ್ರಶ್ನಿಸಿದನಂತೆ, ‘ಆಯಿ, ಎಷ್ಟನೇ ತಿಂಗಳ ಈಗ’ ಎಂದು. ಮಧ್ಯಾಹ್ನದೊಳಗೆ ಓಣಿಗೆಲ್ಲ ಸುದ್ದಿ. ಎದುರು ಮನೆಯವಳು ಬಂದು, ‘ಉಡ್ಯಾಗ ಏನೇನ ತುಂಬೂಣ ಹೇಳಬೇ ಆಯಿ, ಉತ್ತತ್ತಿ ಮೆಲ್ಲಾಕ ಹಲ್ಲ ಅದಾವೇನ’ ಎಂದು ಕೇಳಿ ಹೋದಳು. ಆಯಿಯೂ ಸುಮ್ಮನೆ ಬಿಡಲಿಲ್ಲ, ‘ಗಂಡ ಮಗ ಆದ್ರ ನಿನಗ ಸಾಕಾಕ ಕೊಡ್ತೀನಿ, ನಿನ್ನವು ಹೆಂಗೂ ದಾರಿ ಬಿಟ್ಟಾವು’ ಎಂದಳಂತೆ. ಅದೇ ಸಂಜೆ ಬಾದಾಮಿಯಿಂದ ಈರಣ್ಣನವರಿಗೆ ಫೋನು. ಗೌರವ್ವ ಸೀರೆ ಒಯ್ಯಲು ಬಂದು ನಿಂತಿದ್ದಾರೆ, ಶುಕ್ರವಾರ ಕುಬಸ, ಸೀರೆ ಎಲ್ಲಿ. ಈರಣ್ಣನವರು ನನಗೆ ಫೋನ್ ಮಾಡಿದರು. ಎರಡು ಚೀಟಿಗಳನ್ನು ಓದಿಸಿ ಕೇಳಿದೆ. ಏನಾಗಿದೆಯೆಂದು ನನಗೆ ಆ ಕ್ಷಣದಲ್ಲಿಯೇ ತಿಳಿಯಿತು. ತಿಳಿದದ್ದನ್ನು ಪ್ರಭಣ್ಣನವರಿಗೂ ಹೇಳಲಿಲ್ಲ. ಗುರುವಾರ ಬೆಳಿಗ್ಗೆ ಇಳಕಲ್ಲಿನ ಬಸ್ಸು ಹತ್ತಿದೆ.

ಮೊದಲು ಹೋದದ್ದು ಅಂಗಡಿಗೆ. ಈರಣ್ಣನವರು ನನ್ನಷ್ಟು ಗಾಬರಿಯಾಗಿರಲಿಲ್ಲ. ಗಾದಿಯ ಮೇಲೆ ಒರಗಿ ಕೂತಿದ್ದರು.

‘ಹಸರ ಸೀರಿ ಅಂಗಡ್ಯಾಗ ಹತ್ತ ಅದಾವು, ಗೋಮಿ ದಡೀವು. ಅದರಾಗ ಚಲೋದೊಂದು ಕೊಟ್ಟ ಕಳಸ್ತೀನಿ, ಬಿಡ್ರಿ. ಅವರಿಗೇನು, ಹಸರ ಇದ್ರ ಆತು’ ಎಂದರು.

‘ಮತ್ತ ಆಯಿ ಕಡೆ ಇರೋದು?’

‘ಇರಲಿ. ಆಯಿಗೆ ಇಟ್ಟಂಗಿದು ಬ್ಯಾರೆ ನೇಯಿಸಿ ಕೊಡ್ತೀನಿ. ಆ ಮುದಕಿ ಕಂಡಿಕಿ ಸುತ್ತಿದ ನೂಲಿನ್ಯಾಗ ನಮ್ಮಪ್ಪ ಅಂಗಡಿ ಕಟ್ಯಾನ.’

ಎಷ್ಟು ಸರಳವಾಗಿ ಮುಗಿಯುತ್ತಿತ್ತು ನೋಡಿ. ಆದರೆ ನನಗೆ ತಡೆಯಲಿಲ್ಲ. ‘ಇಲ್ಲರಿ, ಅವರು ಹೇಳಿ ನೇಯಿಸಿದ್ದು ಅವರಿಗೇ ಹೋಗಬೇಕು. ಒಬ್ಬರದು ಇನ್ನೊಬ್ಬರ ಕಡೆ ಉಳೀಬಾರದು’ ಎಂದೆ. ಈರಣ್ಣನವರು ನನ್ನನ್ನು ಒಂದು ಗಳಿಗೆ ನೋಡಿದರು. ‘ನೀವು ಕಲ್ತವರದೀರಿ’ ಎಂದರು. ಹೊಗಳಿಕೆಯೋ ಬೇಸರವೋ ಎಂದು ನಾನು ತೂಗಿ ನೋಡಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಎರಡು ಹೆಸರು, ಎರಡು ಬಣ್ಣ, ಅಡ್ಡಾದಿಡ್ಡಿಯಾಗಿ ಎಳೆದ ಎರಡು ಗೆರೆಗಳು. ಅವು ನೇರವಾಗುವವರೆಗೆ ನನಗೆ ಊಟ ಸೇರುವುದಿಲ್ಲ.

ಮನೆಗೆ ಹೋದಾಗ ಆಯಿ ಗ್ರಾನೈಟಿನ ಮೇಲೆ ಕೂತಿದ್ದಳು. ತೊಡೆಯ ಮೇಲೆ ಸೀರೆ. ಬಿಚ್ಚಿರಲಿಲ್ಲ, ಮಡಿಕೆ ಮಡಿಕೆಯಾಗಿಯೇ ಇತ್ತು. ಗಿಳಿಯ ರೆಕ್ಕೆಯಂಥ ಹಸಿರು, ಮೈಯಿಂದ ಸೆರಗಿಗೆ ಹೋಗುವ ಕಡೆ ಕೆಂಪು. ಆ ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುವ ಜಾಗದಲ್ಲಿ ಆಯಿ ಹೆಬ್ಬೆರಳಿನಿಂದ ಮೆಲ್ಲಗೆ ತಡವುತ್ತಿದ್ದಳು. ಕಸುಬಿನವರು ಸೀರೆ ನೋಡುವುದೇ ಹಾಗೆ, ಕಣ್ಣಿಗಿಂತ ಮೊದಲು ಬೆರಳು.

ಚಿಗವ್ವ ಅಡಿಗೆ ಮನೆಯಿಂದಲೇ ಶುರು ಮಾಡಿದಳು. ‘ನೋಡ ಶೈಲಾ, ನಿನ್ನಿಯಿಂದ ಹಿಂಗ ತೊಡಿ ಮ್ಯಾಲ ಇಟಗೊಂಡ ಕುಂತಾಳ. ಮಂದಿ ನಗಾಕತ್ತಾರ. ಹೊಳ್ಳಿ ಕೊಟ್ಟ ಕಳಸೂಣ ಅಂದ್ರ ಕೇಳವಲ್ಲಳು.’

‘ನಗಲಿ ಬಿಡ, ಹಲ್ಲ ಇದ್ದವರ ನಗತಾರ’ ಎಂದಳು ಆಯಿ. ನನ್ನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. ‘ಶೈಲವ್ವ, ಈ ತಪ್ಪ ಯಾರ ಮಾಡಿದ್ರಬೇ?’

ನಾನೇ ಎಂದೆನೆ? ಇಲ್ಲ. ಜೀವಮಾನದಲ್ಲಿ ಮಾಡಿದ ಒಂದೇ ದೊಡ್ಡ ತಪ್ಪಿಗೆ ಸಹಿ ಹಾಕುವ ಧೈರ್ಯ ಬರಲಿಲ್ಲ. ‘ಕಂಪ್ಯೂಟರ್ ಮಾಡೇತಿ ಆಯಿ’ ಎಂದೆ.

‘ಚಲೋ ಐತಿ ಕಂಪ್ಯೂಟರ’ ಎಂದಳು ಆಯಿ. ಆಮೇಲೆ ಚಿಗವ್ವನಿಗೆ ಕೇಳಿಸದಂತೆ ತಗ್ಗಿದ ದನಿಯಲ್ಲಿ ಹೇಳಿದಳು. ‘ನಿಮ್ಮ ಕಾಕಾ ಹೊಟ್ಯಾಗ ಇದ್ದಾಗ ಕುಬಸದಾಗ ಉಟ್ಟಿದ್ದೆ, ಇಂಥಾದ ಹಸರ. ಆಮ್ಯಾಲ ಇಲ್ಲ. ಹಸರ ನೂಲಿನ ಕಂಡಿಕಿ ಎಷ್ಟ ಸುತ್ತೇನಿ ಅಂತ ಲೆಕ್ಕ ಇಲ್ಲ. ಬೆರಳ ಹಸರ ಆಗತಿದ್ವು. ಅದನ್ನೂ ತೊಳಕೋ ಅಂತಿದ್ಲು ನಮ್ಮತ್ತಿ.’

ಆಯಿ ಸೀರೆಯ ಮಡಿಕೆಯನ್ನು ಮತ್ತೊಮ್ಮೆ ಸವರಿದಳು.

‘ಹೇಳಿ ತರಿಸಿದ್ರ ಮಂದಿ ಕೇಳತಾರ, ಮುದಕಿಗೆ ಏನ ಬಂದೇತಿ ಅಂತ. ತಪ್ಪಿ ಬಂದದ್ದಕ್ಕ ಯಾರ ಏನಂತಾರ? ತಪ್ಪಿ ಬಂದೇತಿ, ಇರಲಿ ಅಂತ ಇಟಗೊಂಡ್ಲು ಅಂತಾರ. ಹೋಗಾಗ ಅದ ಕೈಗೆ ಸಿಕ್ಕತು, ಉಡಿಸಿದ್ರು ಅಂತಾರ. ಹೌದಿಲ್ಲೋ?’

ಈಗ ಇದನ್ನು ಬರೆಯುವಾಗ ಆ ಮಾತಿನ ಒಂದೊಂದು ಅಕ್ಷರವೂ ನನಗೆ ಅರ್ಥವಾಗುತ್ತದೆ. ಆಗ ನಾನು ಕೈಗಡಿಯಾರ ನೋಡುತ್ತಿದ್ದೆ. ಬಾದಾಮಿಯ ಕಡೆಗೆ ಎರಡು ಗಂಟೆಗೆ ಬಸ್ಸಿತ್ತು. ‘ಆಯಿ, ಇದು ಚೊಳಚಗುಡ್ಡದವರದು. ನಾಳೆ ಅವರ ಮಗಳ ಕುಬಸ. ಅವರು ಕಾಯಾಕತ್ತಾರ’ ಎಂದೆ. ಅಂಗಡಿಯಲ್ಲಿ ಇನ್ನೂ ಹತ್ತು ಹಸಿರು ಸೀರೆಗಳಿವೆ ಎಂಬುದನ್ನು ಹೇಳಲಿಲ್ಲ. ಅದು ಆ ಹೊತ್ತಿಗೆ ಅಪ್ರಸ್ತುತ ಎನಿಸಿತ್ತು.

ಆಯಿಯ ಹೆಬ್ಬೆರಳು ನಿಂತಿತು. ‘ಬಸರಿ ಹುಡಿಗೀದೇನಬೇ’ ಎಂದಳು. ಸೀರೆಯನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ತೊಡೆಯ ಮೇಲೆ ಇಟ್ಟಳು. ‘ಮೊದಲ ಹೇಳಬಾರದ? ನಾ ಸುಮ್ಮನ ಮುಟ್ಟಿ ಮುಟ್ಟಿ ಮಾಸಿಸಿದೆ. ಒಯ್ದ ಕೊಡು. ಕುಂಕುಮ ಹಚ್ಚಿ ಕೊಡು, ಬರೇ ಕೈಲೆ ಕೊಡಬ್ಯಾಡ.’ ನಾನು ಅದನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿದೆ. ಅಂಚುಗಳು ಸಮನಾಗುವವರೆಗೆ ಎರಡು ಸಲ ಸುತ್ತಿದೆ. ಚಿಗವ್ವ, ‘ನೋಡ್ರಿ, ಕಲ್ತ ಹುಡಿಗಿ ಅಂದ್ರ ಹಿಂಗ ಇರಬೇಕು, ಒಂದ ಮಾತಿನ್ಯಾಗ ಮುಗಿಸಿದ್ಲು’ ಎಂದು ನನ್ನನ್ನು ಹೊಗಳಿ ಮಜ್ಜಿಗೆ ಕೊಟ್ಟಳು. ಕುಡಿದೆ.

ಗೌರವ್ವ ಬಾದಾಮಿಯ ಅಂಗಡಿಯಲ್ಲಿ ಕಾಯುತ್ತಿದ್ದರು. ಸೀರೆ ಬಿಚ್ಚಿ ನೋಡಿ, ‘ಇಷ್ಟಕ್ಕ ಇಳಕಲ್‌ತನಕ ಓಡಾಡಿದ್ರೇನವ್ವ? ಇಲ್ಲೇ ಕಪಾಟಿನ್ಯಾಗ ಇಂಥಾವ ಎರಡ ಕಂಡಿದ್ದೆ. ನೀವು ತರಾಕ ಹೋಗೀರಿ ಅಂದ್ರು, ಅದಕ್ಕ ಕುಂತೆ’ ಎಂದರು. ಒಳ್ಳೆಯ ಮನಸ್ಸಿನಿಂದ ಆಡಿದ ಮಾತು. ಮುಂದೆ ಅದು ಇಷ್ಟು ನೋಯುತ್ತದೆಂದು ಅವರಿಗೆ ಹೇಗೆ ಗೊತ್ತಾಗಬೇಕು.

ಮರುದಿನ ಪ್ರೋಗ್ರಾಮು ತೆರೆದೆ. ಸ್ಟ್ಯಾಟಿಕ್ ಎಂಬ ಒಂದು ಪದ ಅಳಿಸಿ, ಪ್ರತಿಯೊಬ್ಬರ ವಿವರವೂ ಅವರವರ ಪಾಟಿಯ ಮೇಲೆಯೇ ಉಳಿಯುವಂತೆ ನಾಲ್ಕು ಸಾಲು ಬರೆದೆ. ಚಹಾ ಆರುವಷ್ಟರಲ್ಲಿ ಮುಗಿಯಿತು. ಈ ಸಲ ಜಾಣಳಾಗಿ ಪ್ರಭಣ್ಣನವರನ್ನು ಪಕ್ಕದ ಕಂಪ್ಯೂಟರಿನ ಮುಂದೆ ಕೂರಿಸಿ, ಇಬ್ಬರೂ ಒಟ್ಟಿಗೆ ಗುಂಡಿ ಒತ್ತಿ ನೋಡಿದೆವು. ಅವರ ಹಳದಿ ಅವರಿಗೆ, ನನ್ನ ನೀಲಿ ನನಗೆ. ‘ಮೊದಲಿನ ಸ್ಪೆಷಲ್ ಹೋತಲ್ಲ’ ಎಂದು ಪ್ರಭಣ್ಣ ಕೊರಗಿದರು. ಇಟ್ಟಂಗಿ ಸೀರೆ ಹದಿನೈದು ದಿನಕ್ಕೆ ಆಯಿಯ ಕೈ ಸೇರಿತು. ಬಣ್ಣ ಸರಿ, ದಡಿ ಸರಿ, ಹೆಸರು ಸರಿ. ಆಯಿ ಅದನ್ನು ಒಮ್ಮೆ ನೋಡಿ, ಪೆಟ್ಟಿಗೆಯಲ್ಲಿ ಇಡಲು ಹೇಳಿದಳಂತೆ. ತಡವಿ ನೋಡಿದಳೇ ಎಂದು ಚಿಗವ್ವನನ್ನು ಕೇಳಿದೆ. ‘ಯಾಕ ತಡವತಾರ, ಸೀರಿ ಬರೋಬ್ಬರಿ ಇತ್ತಲ್ಲ’ ಎಂದಳು.

ನಿಧಾನವಾಗಿ ತಿಳಿಯುವವರ ಜಾತಿ ನನ್ನದು. ನನಗೆ ಇದೆಲ್ಲ ನಾಟಲು ಎರಡು ತಿಂಗಳು ಹಿಡಿಯಿತು. ನಾಟಿದ ಮೇಲೆ ನಾನು ಮಾಡಿದ್ದು ಇನ್ನೂ ಹಾಸ್ಯಾಸ್ಪದ. ಅದೇ ತಪ್ಪನ್ನು ಮತ್ತೊಮ್ಮೆ ಮಾಡಲು ಹೊರಟೆ. ಆದರೆ ನಾನು ತಿದ್ದಿದ ಪ್ರೋಗ್ರಾಮು ಈಗ ಹಟಮಾರಿಯಂತೆ ಸರಿಯಾಗಿತ್ತು, ಅದನ್ನು ತಪ್ಪಿಸುವ ದಾರಿಯೇ ಇರಲಿಲ್ಲ. ಕೊನೆಗೆ ಆಯಿಯ ಹೆಸರಿನಲ್ಲಿ ನಾನೇ ಹಸಿರು ಸೀರೆ ಬರೆಸಿದೆ. ‘ಬಣ್ಣ ತಪ್ಪಿಲ್ಲಲ್ಲರಿ’ ಎಂದು ಈರಣ್ಣನವರು ಕೇಳಿದರು. ಇಲ್ಲ ಎಂದೆ. ಸೀರೆ ಬಂದ ದಿನ ಅದನ್ನು ಎತ್ತಿಕೊಂಡು ಆಯಿಯ ಮುಂದೆ ಹೋಗಿ ಕೂತು, ಬಸ್ಸಿನಲ್ಲಿ ಮನನ ಮಾಡಿಕೊಂಡು ಬಂದ ವಾಕ್ಯವನ್ನು ಒಪ್ಪಿಸಿದೆ. ‘ಆಯಿ, ಕಂಪ್ಯೂಟರ್ ಮತ್ತ ತಪ್ಪೇತಿ.’

ಆಯಿ ಸೀರೆಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ‘ನಿನಗ ಸುಳ್ಳ ಹೇಳಾಕ ಬರಂಗಿಲ್ಲ ನನ್ನವ್ವ. ನಿಮ್ಮಪ್ಪಗೂ ಬರಂಗಿಲ್ಲ’ ಎಂದು ನಕ್ಕಳು. ನಾನು ತಲೆ ತಗ್ಗಿಸಿದೆ. ಬೇಡವೆಂದು ಹಿಂದಕ್ಕೆ ಕೊಡುತ್ತಾಳೆ ಅಂದುಕೊಂಡೆ. ಕೊಡಲಿಲ್ಲ. ಚಿಗವ್ವ ನೀರಿಗೆ ಹೋಗಿದ್ದಳು. ‘ಪೆಟಗ್ಯಾಗ ಇಡು. ಎರಡೂ ಅಲ್ಲೇ ಇರಲಿ’ ಎಂದಳು. ನಾನು ಪೆಟ್ಟಿಗೆ ತೆರೆದು, ಇಟ್ಟಂಗಿ ಸೀರೆಯನ್ನು ಮೇಲೆ ಬರುವಂತೆ, ಹಸಿರನ್ನು ಅದರ ಕೆಳಗೆ ಇಟ್ಟೆ. ಯಾರ ಕಣ್ಣಿಗೂ ಬೀಳದಿರಲಿ ಎಂದು. ಹಿಂದಿನಿಂದ ಆಯಿ ಅಂದಳು, ‘ಆ ಹೊತ್ತಿನ್ಯಾಗ ಯಾರ ಕೈಗೆ ಯಾವದು ಬರತೈತಿ, ನನಗೇನ ಗೊತ್ತ. ನಾ ಅಂತೂ ನೋಡಾಕ ಇರಂಗಿಲ್ಲ.’ ಹೂಂ ಎಂದೆ.

ಮುಂದಿನ ವರ್ಷ ಶ್ರಾವಣ ಕಳೆದ ಮೇಲೆ ಒಂದು ಬೆಳಿಗ್ಗೆ ಆಯಿ ಎದ್ದವಳು ಚಹಾ ಕುಡಿದು, ಗ್ರಾನೈಟಿನ ಮೇಲೆ ಬಂದು ಕೂತು, ಹಾಗೆಯೇ ಗೋಡೆಗೆ ಒರಗಿ ಹೋದಳು. ನಾವು ನವನಗರದಿಂದ ಹೋಗುವಷ್ಟರಲ್ಲಿ ಓಣಿಯ ಹೆಂಗಸರೆಲ್ಲ ಸೇರಿದ್ದರು. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ ಕೂರಿಸಿದ್ದರು. ಚಿಗವ್ವ ಅತ್ತು ಅತ್ತು ದನಿ ಬಿದ್ದಿತ್ತು. ‘ಶೈಲಾ, ಪೆಟಗ್ಯಾನ ಸೀರಿ ತಗೊಂಬಾ. ನಾ ಆಯಿನ್ನ ಹಿಡಕೊಂಡ ಕುಂತೇನಿ’ ಎಂದಳು. ಯಾವ ಸೀರೆ ಎಂದು ಆಕೆ ಹೇಳಲಿಲ್ಲ. ಹೇಳುವ ಸ್ಥಿತಿಯಲ್ಲಿಯೂ ಇರಲಿಲ್ಲ. ನಾನು ಒಳಗೆ ಹೋದೆ.

ಪೆಟ್ಟಿಗೆ ತೆರೆದೆ. ಹಸಿರು ಸೀರೆ ಮೇಲಿತ್ತು. ನಾನು ಕೆಳಗೆ ಇಟ್ಟಿದ್ದೆ, ನನಗೆ ಚೆನ್ನಾಗಿ ನೆನಪಿದೆ, ಇಂಥ ವಿಷಯದಲ್ಲಿ ನನ್ನ ನೆನಪು ತಪ್ಪುವುದಿಲ್ಲ. ಎಂದೋ ಒಂದು ದಿನ ಯಾರೂ ಇಲ್ಲದಾಗ ಆ ಮುದುಕಿ ಎದ್ದು ಬಂದು, ಭಾರದ ಮುಚ್ಚಳ ಎತ್ತಿ, ಅದನ್ನು ಮೇಲೆ ತೆಗೆದಿಟ್ಟಿದ್ದಳು. ಕಣ್ಣು ಮುಚ್ಚಿ ಕೈ ಹಾಕಿದವರಿಗೂ ಅದೇ ಸಿಗುವಂತೆ. ಹೊರಗೆ ಅಳು, ಗದ್ದಲ. ಯಾವುದನ್ನು ಒಯ್ದಿದ್ದರೂ ಯಾರೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಹುಡುಗಿ ದುಃಖದಲ್ಲಿದ್ದಳು, ಕೈ ತಪ್ಪಿತು ಎನ್ನುತ್ತಿದ್ದರು. ಅಷ್ಟೇ ಮಾಡಬೇಕಾಗಿದ್ದದ್ದು. ಮೇಲಿದ್ದದ್ದನ್ನು ಎತ್ತಿಕೊಂಡು ನಡೆಯುವುದು.

ನಾನು ಹಸಿರು ಸೀರೆಯನ್ನು ಎತ್ತಿ ಪಕ್ಕಕ್ಕಿಟ್ಟೆ. ಕೆಳಗಿದ್ದ ಇಟ್ಟಂಗಿ ಸೀರೆಯನ್ನು ತೆಗೆದೆ. ಅದಕ್ಕೆ ಪಿನ್ನು ಚುಚ್ಚಿದ್ದ ಚೀಟಿಯಲ್ಲಿ ಹೆಸರು ಸರಿಯಿದೆಯೇ ಎಂದು ನೋಡಿ, ಚೀಟಿ ಬಿಡಿಸಿ, ಹೊರಗೆ ಒಯ್ದು ಕೊಟ್ಟೆ. ಯಾಕೆ ಹಾಗೆ ಮಾಡಿದೆ ಎಂದು ಕೇಳಬೇಡಿ. ಯೋಚಿಸಿ ಮಾಡಿದ್ದಲ್ಲ. ಯೋಚಿಸಿದ್ದರೆ ಬಹುಶಃ ಮಾಡುತ್ತಿರಲಿಲ್ಲ. ಕೈಗೆ ಅದೇ ಅಭ್ಯಾಸ.

ಆಯಿಗೆ ಅದನ್ನೇ ಉಡಿಸಿದರು. ಮಣ್ಣು ಮಾಡಿ ಬಂದ ಮೇಲೆ ಪಡಸಾಲೆಯಲ್ಲಿ ಹೆಂಗಸರು ಚಹಾ ಕುಡಿಯುತ್ತ ಕೂತಿದ್ದರು. ಒಳಗೆ ತೆರೆದೇ ಇದ್ದ ಪೆಟ್ಟಿಗೆ ಮತ್ತು ಪಕ್ಕದಲ್ಲಿದ್ದ ಹಸಿರು ಸೀರೆಯನ್ನು ಎದುರು ಮನೆಯವಳು ನೋಡಿ ಬಂದಿದ್ದಳು. ‘ಅಯ್ಯ, ಅಂಥಾ ದುಃಖದಾಗೂ ಈ ಹುಡಿಗಿ ಬರೋಬ್ಬರಿ ಸೀರಿ ಆರಿಸಿ ತಂದ್ಲು ನೋಡ್ರಿ. ಬ್ಯಾರೇರಾಗಿದ್ರ ಮ್ಯಾಲಿಂದ ಎತ್ತಿ ತರತಿದ್ರು. ಎಷ್ಟ ಶಾಣ್ಯಾಕಿ’ ಎಂದಳು. ಎಲ್ಲರೂ ಹೌದು ಹೌದೆಂದು ನನ್ನ ಕಡೆ ತಿರುಗಿ ನೋಡಿದರು. ಯಾರು ಏನು ತಪ್ಪಾಗಿ ಹೇಳಿದರೂ ತಿದ್ದದೆ ಇರಲಾರದವಳು, ಆ ಒಂದು ಮಾತನ್ನು ಮಾತ್ರ ಇವತ್ತಿನವರೆಗೂ ತಿದ್ದಿಲ್ಲ.